ಹಾಲ್‌ಸ್ಟೆಡ್ಡಿನ ಗಿರಣಿಗಾರ

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನಾವು ಮನುಷ್ಯರ ಗುಣವನ್ನು ಮೆಚ್ಚುವಾಗ ಬಳಸುತ್ತೇವೆ. ಆದರೆ ಚರಿತ್ರೆ ಬರೆಯಹೊರಟವನಿಗೆ ಈ ಗಾದೆಯೇ ಒಂದು ತೊಡಕು. ತುಳುಕಿದ ನೀರಿನ ಗುರುತು ನೆಲದ ಮೇಲೆ ಕಾಣುತ್ತದೆ. ತುಳುಕದ ಕೊಡದ ಗುರುತನ್ನು ಎಲ್ಲಿ ಹುಡುಕುವುದು? ಯುದ್ಧ ಗೆದ್ದವನಿಗೆ ಶಾಸನವಿದೆ, ರಾಜ್ಯ ಕಟ್ಟಿದವನಿಗೆ ಬಖೈರು ಇದೆ. ಸಣ್ಣದೊಂದು ಊರಿನಲ್ಲಿ ಗಿರಣಿ ಹಾಕಿ, ಮೂವತ್ತು ವರ್ಷಕ್ಕೂ ಮೀರಿ ರೈತರ ಕಾಳನ್ನು ಕೊಂಡು ಬೀಸಿ ಹಿಟ್ಟು ಮಾಡಿದವನಿಗೆ ಏನಿದೆ?

ಬರ್ನ್‌ಹಾರ್ಡ್ ವಾರ್ಕೆಂಟಿನ್ ಇಂಥವರಲ್ಲಿ ಒಬ್ಬ. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಹಾಲ್‌ಸ್ಟೆಡ್ ಮತ್ತು ನ್ಯೂಟನ್ ಎಂಬ ಎರಡು ಸಣ್ಣ ಊರುಗಳ ಹೊರಗೆ ಅವನ ಹೆಸರು ಕೇಳಿದವರು ಕಡಮೆ. ಆದರೆ ಅವನು ಕೊಂಡು ಬೀಸಿ, ಬಿತ್ತನೆಗೆಂದು ತರಿಸಿ, ಪ್ರಚಾರಕ್ಕೆ ತಂದ ಗೋಧಿಯ ಸಂಬಂಧ ನಮ್ಮ ತಟ್ಟೆಯ ಚಪಾತಿಯವರೆಗೂ ಬಂದಿದೆ. ಅದು ಹೇಗೆಂಬುದನ್ನು ಹೇಳುವ ಮೊದಲು ಅವನ ಜನರ ಕಥೆಯನ್ನು ಕೊಂಚ ಹೇಳಬೇಕು.

ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಕ್ರೈಸ್ತ ಮತದ ಸುಧಾರಣೆ ನಡೆದಾಗ, ಉಳಿದ ಸುಧಾರಕರಿಗಿಂತ ಒಂದು ಹೆಜ್ಜೆ ಮುಂದೆ ಹೋದ ಕೆಲವರಿದ್ದರು. ಅರಿವು ಬಂದ ಮೇಲೆ, ಸ್ವಂತ ಇಚ್ಛೆಯಿಂದಲೇ ದೀಕ್ಷಾಸ್ನಾನ ಆಗಬೇಕು, ಆಣೆ ಇಡಬಾರದು, ಆಯುಧ ಹಿಡಿಯಬಾರದು—ಇವು ಅವರ ನಿಯಮಗಳು. ರಾಜರಿಗೂ ಧರ್ಮಾಧಿಕಾರಿಗಳಿಗೂ ಇದು ಸಹಿಸಲಾರದ ಮಾತಾಯಿತು. ಸುಟ್ಟರು, ಮುಳುಗಿಸಿದರು, ಓಡಿಸಿದರು. ಚದುರಿಹೋದ ಈ ಜನರನ್ನು ಒಟ್ಟುಗೂಡಿಸಿದವನು ಮೆನ್ನೊ ಸಿಮನ್ಸ್ ಎಂಬ ಫ್ರೀಸ್‌ಲೆಂಡಿನ ಪಾದ್ರಿ. 1536ರಲ್ಲಿ ಅವನು ಹಳೆಯ ಪೀಠವನ್ನು ಬಿಟ್ಟು ಇವರ ಜೊತೆ ಸೇರಿದ. ಅವನ ಹೆಸರಿನಿಂದಲೇ ಇವರಿಗೆ ಮೆನ್ನೊನೈಟರೆಂಬ ಹೆಸರು ಬಂತು. ಅವರಿಗೆ ಇನ್ನೊಂದು ಹೆಸರೂ ಇತ್ತು: 'ನಾಡಿನ ಮೌನಿಗಳು'. ಸದ್ದುಮಾಡಿದರೆ ತಲೆ ಹೋಗುವ ಕಾಲದಲ್ಲಿ ಕಲಿತ ಮೌನ ಕ್ರಮೇಣ ಅವರ ಸ್ವಭಾವವೇ ಆಯಿತು. ಹೊಲ, ಹೈನು, ಗಿರಣಿ, ಪ್ರಾರ್ಥನೆ ಇಷ್ಟರಲ್ಲಿ ಅವರ ಬಾಳು ಸಾಗುತ್ತಿತ್ತು.

ಹಾಲೆಂಡಿನ ಕಡೆಯಿಂದ ವಿಸ್ಚುಲಾ ನದಿಯ ಮುಖಜಭೂಮಿಗೆ ಹೋಗಿ ಜೌಗು ನೆಲವನ್ನು ಬತ್ತಿಸಿ ಹೊಲ ಮಾಡಿದರು. ಅಲ್ಲಿ ಪ್ರಷ್ಯದ ಅರಸರು ಸೈನ್ಯದ ಮಾತು ಎತ್ತಿದಾಗ, ರಷ್ಯದ ಮಹಾರಾಣಿ ಎರಡನೆಯ ಕ್ಯಾಥರೀನಳ ಆಹ್ವಾನದಂತೆ ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲಿಗೆ ಹೊರಟರು. 1789ರಲ್ಲಿ ನೀಪರ್ ನದಿಯ ಬಳಿ ಮೊದಲ ನೆಲಸು. 1804ರಲ್ಲಿ ಮೊಲೊಚ್ನಾ ಹೊಳೆಯ ದಡದಲ್ಲಿ ಎರಡನೆಯದು. ಅವರಿಗೆ ದೊರೆತ ವಾಗ್ದಾನಗಳಲ್ಲಿ ಮುಖ್ಯವಾದದ್ದು ಸೈನ್ಯಸೇವೆಯಿಂದ ವಿನಾಯಿತಿ. ಈಗ ಉಕ್ರೇನ್ ದೇಶದಲ್ಲಿರುವ ಆ ಮೊಲೊಚ್ನಾ ಪ್ರಾಂತದ ಆಲ್ಟೊನೌ ಎಂಬ ಹಳ್ಳಿಯಲ್ಲಿ 1847ರಲ್ಲಿ ವಾರ್ಕೆಂಟಿನ್ ಹುಟ್ಟಿದ. ತಂದೆ ಗಿರಣಿಯವನು. ಹೀಗಾಗಿ ಕಾಳನ್ನು ಕೈಯಲ್ಲಿ ಹಿಡಿದು ಅದರ ಹಿಟ್ಟು ಹೇಗಿದ್ದೀತೆಂದು ಊಹಿಸುವ ವಿದ್ಯೆ ಅವನಿಗೆ ಮನೆಯ ಪಾಠ.

ಆ ಸೀಮೆಯಲ್ಲಿ ಬೆಳೆಯುತ್ತಿದ್ದ ಒಂದು ಗೋಧಿಗೆ 'ಕ್ರಿಮ್ಕಾ' ಎಂದು ಹೆಸರು, ಕ್ರೈಮಿಯದ್ದು ಎಂಬ ಅರ್ಥದಲ್ಲಿ. ಕ್ರೈಮಿಯ ಹಿಂದೆ ತುರ್ಕರ ಆಶ್ರಯದಲ್ಲಿದ್ದುದರಿಂದ ಮುಂದೆ ಅಮೆರಿಕದಲ್ಲಿ ಇದನ್ನೇ 'ಟರ್ಕಿ ಕೆಂಪು' ಎಂದು ಕರೆದರು. ನಮ್ಮ ಬಿಜಾಪುರ, ಧಾರವಾಡದ ಕಡೆಯ ರೈತರು ಹಿಂಗಾರಿಯಲ್ಲಿ ಗೋಧಿ ಬಿತ್ತುವುದುಂಟಷ್ಟೆ. ಇದೂ ಶರತ್ಕಾಲದಲ್ಲಿ ಬಿತ್ತುವ ಬೆಳೆಯೇ. ಆದರೆ ಮೊಳೆತು ಗೇಣುದ್ದವೂ ಆಗುವ ಮೊದಲೇ ಹಿಮದ ಕೆಳಗೆ ಮಲಗಿಬಿಡುತ್ತದೆ. ಚಳಿಗಾಲ ಕಳೆದ ಮೇಲೆ ಎಚ್ಚತ್ತು, ಬೇಸಗೆಯ ಬಿಸಿಗಾಳಿ ಬೀಸಿ ಬೆಳೆಯನ್ನು ಸುಡುವ ಮೊದಲೇ ಕೊಯ್ಲಿಗೆ ಬರುತ್ತದೆ. ಮಳೆ ಕಡಮೆಯಾದ ಸೀಮೆಗೆ ಹೇಳಿಮಾಡಿಸಿದ ಬೆಳೆ. ಕಾಳು ಮಾತ್ರ ಬಹಳ ಗಡುಸು.

1870ರ ಸುಮಾರಿಗೆ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಸರ್ಕಾರ ಹಳೆಯ ವಿನಾಯಿತಿಗಳನ್ನು ತೆಗೆದುಹಾಕುವುದೆಂಬ ಸುದ್ದಿ ಹಬ್ಬಿತು. ಎಲ್ಲರಿಗೂ ಕಡ್ಡಾಯ ಸೈನ್ಯಸೇವೆಯ ಕಾನೂನು 1874ರಲ್ಲಿ ಬಂದೇ ಬಂತು. ಮೆನ್ನೊನೈಟ್ ಹಳ್ಳಿಗಳಲ್ಲಿ ಚಿಂತೆ ಆವರಿಸಿತು. ಹೋಗುವುದೋ, ಇರುವುದೋ? ಮೂರು ತಲೆಮಾರು ದುಡಿದು ಮಾಡಿದ ಹೊಲ ಮನೆ ಬಿಟ್ಟು ಹೋಗುವುದು ಸುಲಭದ ಮಾತಲ್ಲ. ಸರ್ಕಾರವೂ ಜನರಲ್ ಟೋಟ್ಲೆಬೆನ್ನನನ್ನು ಕಳುಹಿಸಿ, ಬಂದೂಕಿನ ಬದಲು ಅರಣ್ಯದಲ್ಲಿ ಸೇವೆ ಮಾಡಬಹುದೆಂದು ಒಪ್ಪಂದದ ಮಾತಾಡಿತು. ಬಹುಮಂದಿ ಅದಕ್ಕೊಪ್ಪಿ ಉಳಿದರು. ಸುಮಾರು ಹದಿನೆಂಟು ಸಾವಿರ ಮಂದಿ ಮಾತ್ರ ಹೊರಟರು. ಅವರಲ್ಲಿ ಸುಮಾರು ಹತ್ತು ಸಾವಿರ ಮಂದಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ, ಉಳಿದವರು ಕೆನಡದ ಮ್ಯಾನಿಟೋಬಕ್ಕೆ.

ಈ ವಲಸೆ ಆರಂಭವಾಗುವ ಮುನ್ನವೇ, 1872ರಲ್ಲಿ, ಇಪ್ಪತ್ತೈದು ವರ್ಷದ ವಾರ್ಕೆಂಟಿನ್ ಗೆಳೆಯರೊಡನೆ ದೇಶ ನೋಡುವುದಕ್ಕೆಂದು ಅಮೆರಿಕಕ್ಕೆ ಬಂದಿದ್ದ. ಇಲಿನಾಯ್ ಸಂಸ್ಥಾನದ ಸಮರ್‌ಫೀಲ್ಡ್ ಎಂಬ ಊರಿನ ಮೆನ್ನೊನೈಟರ ನಡುವೆ ಬಿಡಾರ ಮಾಡಿ, ಅಲ್ಲಿಂದ ಸುತ್ತಾಡಿ ಕಂಡದ್ದನ್ನು ಊರಿನ ಗೆಳೆಯ ಡೇವಿಡ್ ಗೋರ್ಜನಿಗೆ ಪತ್ರಗಳಲ್ಲಿ ಬರೆದು ತಿಳಿಸುತ್ತಿದ್ದ. ಗೋರ್ಜ್ ವೃತ್ತಿಯಿಂದ ಉಪಾಧ್ಯಾಯ. ಅವುಗಳನ್ನು ನಕಲು ಮಾಡಿ ಹಳ್ಳಿಯಿಂದ ಹಳ್ಳಿಗೆ ಕಳುಹಿಸಿದ. ಭಾಷಣವಿಲ್ಲ, ಸಭೆಯಿಲ್ಲ, ಕೈಯಿಂದ ಕೈಗೆ ದಾಟಿದ ಕಾಗದಗಳು ಜನರ ಮನಸ್ಸಿನಲ್ಲಿ ಒಂದು ದೇಶದ ಚಿತ್ರವನ್ನು ಬರೆದವು. ತಿರುಗಾಟಕ್ಕೆಂದು ಬಂದವನು ಹಿಂದಿರುಗಲಿಲ್ಲ. 1873ರಲ್ಲಿ ವಲಸೆಗಾರರ ನೆರವಿಗೆಂದು ಮೆನ್ನೊನೈಟರ ಪಾಲಕ ಮಂಡಲಿ ಏರ್ಪಟ್ಟಾಗ ಅದರಲ್ಲಿ ವಾರ್ಕೆಂಟಿನ್ನನೂ ಇದ್ದ, ಅಮೆರಿಕಕ್ಕೆ ಬಂದ ಗೋರ್ಜನೂ ಸೇರಿದ. ಹಡಗಿನಿಂದ ಇಳಿದವರನ್ನು ಎದುರುಗೊಳ್ಳುವುದು, ರೈಲಿಗೆ ಹತ್ತಿಸುವುದು, ಬಡವರಿಗೆ ಸಾಲ ಒದಗಿಸುವುದು, ನೆಲ ತೋರಿಸುವುದು ಇಂಥ ಕೆಲಸಗಳು ಆ ಮಂಡಲಿಯ ಪಾಲಿಗೆ ಬಂದವು. ಇಂಥ ಕೆಲಸ ಚೆನ್ನಾಗಿ ನಡೆದರೆ ಯಾರೂ ಗಮನಿಸುವುದಿಲ್ಲ. ಕೆಟ್ಟರೆ ಎಲ್ಲರೂ ದೂರುತ್ತಾರೆ.

ಕ್ಯಾನ್ಸಸ್ಸಿನಲ್ಲಿ ಸಾಂಟಾ ಫೆ ರೈಲ್ವೆ ಕಂಪನಿಗೆ ಸರ್ಕಾರ ಹಳಿಯ ಎರಡೂ ಬದಿಗೆ ವಿಸ್ತಾರವಾದ ಭೂಮಿಯನ್ನು ದಾನ ಮಾಡಿತ್ತು. ಕಂಪನಿಗೆ ಒಕ್ಕಲು ಬೇಕಾಗಿತ್ತು. ಮೆನ್ನೊನೈಟರಿಗೆ ಒಟ್ಟಿಗೆ ನೆಲಸಲು ಭೂಮಿ ಬೇಕಾಗಿತ್ತು. ಸಂಸ್ಥಾನದ ಶಾಸನಸಭೆಯೂ 1874ರಲ್ಲಿ ಇವರಿಗೆ ಸೈನಿಕ ಕರ್ತವ್ಯದಿಂದ ವಿನಾಯಿತಿ ಕೊಟ್ಟಿತು. ಆ ವರ್ಷದ ಬೇಸಗೆಯಲ್ಲಿ ಕ್ಯಾನ್ಸಸ್ಸಿನ ಮೇಲೆ ಮಿಡತೆಗಳ ಮೋಡವೇ ಎರಗಿ ಹಸಿರೆಂಬುದನ್ನೆಲ್ಲ ತಿಂದು ಹಾಕಿತ್ತು. ಅದೇ ಶರತ್ಕಾಲದಲ್ಲಿ ಅಲೆಕ್ಸಾಂಡರ್‌ವೋಲ್ ಎಂಬ ಹಳ್ಳಿಯ ಸಭೆ ಸಭೆಯೇ ಮೊಲೊಚ್ನಾದಿಂದ ಎದ್ದು ಬಂದು ಆ ಬೋಳು ಬಯಲಿನಲ್ಲಿ ಇಳಿಯಿತು.

ಇಲ್ಲಿ ಒಂದು ಮಾತನ್ನು ಮರೆಯುವುದು ನ್ಯಾಯವಲ್ಲ. ಆ ಬಯಲು ಯಾರೂ ಇಲ್ಲದ ಬಯಲಾಗಿರಲಿಲ್ಲ. ಕ್ಯಾನ್ಸಸ್ ಎಂಬ ಹೆಸರೇ ಯಾರಿಂದ ಬಂತೋ ಆ ಕಾ ಜನರನ್ನು ಅಮೆರಿಕದ ಸರ್ಕಾರ ದಕ್ಷಿಣದ ಕಡೆಗೆ ಸಾಗಿಸಿದ್ದು 1873ರಲ್ಲಿ, ಮೆನ್ನೊನೈಟರು ಬರುವುದಕ್ಕೆ ಒಂದು ವರ್ಷ ಮುಂಚೆ. ಓಸೇಜ್ ಜನರು ಹೋಗಿದ್ದೂ ಅದೇ ಆಸುಪಾಸಿನಲ್ಲಿ. ಹಿಂದೆ ಮೊಲೊಚ್ನಾದಲ್ಲಿಯೂ ನೆರೆಯ ನೊಗಾಯ್ ಕುರಿಗಾಹಿಗಳು 1860ರ ಸುಮಾರಿಗೆ ತುರ್ಕಿಗೆ ಹೊರಟುಹೋಗಿ ಅವರ ನೆಲ ಪರರ ಪಾಲಾಗಿತ್ತು. ಕತ್ತಿ ಹಿಡಿಯೆವೆಂದವರು ಎರಡು ಸಾರಿಯೂ ಇನ್ನೊಬ್ಬರ ಅಧಿಕಾರ ತೆರವು ಮಾಡಿಸಿದ ನೆಲದ ಮೇಲೆ ಶಾಂತಿಯ ಬಾಳನ್ನು ಕಟ್ಟಿಕೊಂಡರು. ಇದು ಅವರ ದುಡಿಮೆಯನ್ನು ಸಣ್ಣದು ಮಾಡುವುದಿಲ್ಲ. ಆದರೆ ಮೌನಿಗಳ ಲೆಕ್ಕದ ಪುಸ್ತಕದಲ್ಲಿಯೂ ಋಣದ ಪುಟವೊಂದು ಇರುತ್ತದೆ ಎಂಬುದನ್ನು ತೋರಿಸುತ್ತದೆ.

ವಾರ್ಕೆಂಟಿನ್ ಹಾಲ್‌ಸ್ಟೆಡ್ಡಿನಲ್ಲಿ, ಲಿಟ್ಲ್ ಅರ್ಕಾನ್ಸಾಸ್ ಎಂಬ ಸಣ್ಣ ನದಿಯ ಮೇಲೆ, 1874ರ ಸುಮಾರಿಗೆ ಗಿರಣಿ ಹಾಕಿದ. ಮರುವರ್ಷ ಸಮರ್‌ಫೀಲ್ಡಿನ ಗಿರಣಿಯ ಯಜಮಾನನ ಮಗಳು ವಿಲ್‌ಹೆಲ್ಮಿನಾಳನ್ನು ಮದುವೆಯಾದ. ಹೀಗೆ ತೌರೂ ಗಿರಣಿ, ಮಾವನ ಮನೆಯೂ ಗಿರಣಿ, ಬಾಳೂ ಗಿರಣಿ.

ಈಗ ಗೋಧಿಯ ಮಾತು. ಕ್ಯಾನ್ಸಸ್ಸಿನಲ್ಲಿ ಬಹುಕಾಲದಿಂದ ಒಂದು ಕಥೆ ಇದೆ. ವಲಸೆ ಹೊರಡುವ ಮುನ್ನ ಎಂಟು ವರ್ಷದ ಹುಡುಗಿಯೊಬ್ಬಳು ತಂದೆಯ ಅಪ್ಪಣೆಯಂತೆ ಕಣಜದ ಮುಂದೆ ಕುಳಿತು, ಒಂದೊಂದೇ ಕಾಳನ್ನು ಆರಿಸಿ, ಎರಡೂವರೆ ಲಕ್ಷ ಕಾಳುಗಳನ್ನು ಪೆಟ್ಟಿಗೆಗೆ ತುಂಬಿದಳಂತೆ. ಪ್ರತಿಯೊಂದು ಮನೆಯವರೂ ಹೀಗೆ ಬೀಜ ತಂದರಂತೆ. ಅದರಿಂದಲೇ ಕ್ಯಾನ್ಸಸ್ ಅಮೆರಿಕದ ಗೋಧಿಯ ಕಣಜವಾಯಿತಂತೆ. ಸೊಗಸಾದ ಕಥೆ. ಆದರೆ ಲೆಕ್ಕ ಹಾಕಿ ನೋಡಿದರೆ ಎರಡೂವರೆ ಲಕ್ಷ ಕಾಳು ಎಂಟು ಕಿಲೋ ಆದರೆ ಹೆಚ್ಚು. ಒಂದು ಎಕರೆಗೂ ಸಾಲದು. ಈ ಕಥೆ ಹರಡಿದ್ದು ವಲಸೆಯಾಗಿ ದಶಕಗಳು ಕಳೆದ ಮೇಲೆ. ಈಚಿನ ಇತಿಹಾಸಕಾರರು ಇದನ್ನು ಸಂದೇಹದಿಂದಲೇ ನೋಡುತ್ತಾರೆ. ಕೆಲವರು ಒಂದಿಷ್ಟು ಬೀಜ ತಂದಿದ್ದರೆ ಆಶ್ಚರ್ಯವಿಲ್ಲ. ಆದರೆ ಪೆಟ್ಟಿಗೆಯ ಬೀಜದಿಂದ ಒಂದು ಸಂಸ್ಥಾನದ ಬೇಸಾಯ ಬದಲಾಗದು.

ಏಕೆ ಬದಲಾಗದು? ರೈತ ಬೆಳೆದದ್ದನ್ನು ಕೊಳ್ಳುವವನು ಬೇಕು. ಗಡುಸು ಗೋಧಿಯನ್ನು ಕಂಡರೆ ಆ ಕಾಲದ ಗಿರಣಿಯವರಿಗೆ ಬೇಸರ. ಅವರ ಕಲ್ಲುಗಳು ಮೆತ್ತಗಿನ ಗೋಧಿಗೆ ಒಗ್ಗಿದ್ದವು. ಗಡುಸು ಕಾಳನ್ನು ಹಾಕಿದರೆ ಸಿಪ್ಪೆ ಪುಡಿಯಾಗಿ ಹಿಟ್ಟಿನಲ್ಲಿ ಬೆರೆತು ಬಣ್ಣ ಕೆಡುತ್ತಿತ್ತು. ಕಲ್ಲೂ ಬೇಗ ಸವೆಯುತ್ತಿತ್ತು. ಆದ್ದರಿಂದ ಗಡುಸು ಗೋಧಿಗೆ ಬೆಲೆ ಕಡಮೆ. ಬೆಲೆಯಿಲ್ಲದ್ದನ್ನು ರೈತ ಎಷ್ಟು ದಿನ ಬೆಳೆದಾನು? ಹಂಗೆರಿಯ ಕಡೆಯಿಂದ ಬಂದ ಉಕ್ಕಿನ ಉರುಳೆಗಳ ಯಂತ್ರ ಅಮೆರಿಕದಲ್ಲಿ ಬಳಕೆಗೆ ಬಂದ ಮೇಲೆ ಈ ಗಂಟು ಸಡಿಲವಾಯಿತು. ಉರುಳೆಗಳು ಕಾಳನ್ನು ಒಮ್ಮೆಗೇ ಜಜ್ಜದೆ ಹಂತ ಹಂತವಾಗಿ ಒಡೆದು, ಬೂಸವನ್ನು ಬೇರೆ ಮಾಡಿ, ರವೆಯನ್ನು ನುಣ್ಣಗೆ ಮಾಡುತ್ತವೆ. ಆಗ ಜನಕ್ಕೆ ತಿಳಿಯಿತು, ಗಡುಸು ಗೋಧಿಯ ಹಿಟ್ಟಿನಲ್ಲಿ ಜಿಗುಟು ಹೆಚ್ಚು, ರೊಟ್ಟಿ ಚೆನ್ನಾಗಿ ಉಬ್ಬುತ್ತದೆ ಎಂದು.

ವಾರ್ಕೆಂಟಿನ್ನನ ನಿಜವಾದ ಕೆಲಸ ಇಲ್ಲಿದೆ. ಇತರರು ಹಿಂದೆಗೆಯುತ್ತಿದ್ದಾಗ ಅವನು ಆ ಗೋಧಿಯನ್ನು ಬಲ್ಲವನಾಗಿದ್ದ. ಹೊಲ ಮತ್ತು ಅಂಗಡಿಯ ನಡುವೆ ನಿಂತು, ರೈತನಿಗೆ ಬಿತ್ತು ಎಂದು ಹೇಳಬಲ್ಲವನೂ ಅವನೇ, ಬೆಳೆದು ತಂದಾಗ ಕೊಳ್ಳಬಲ್ಲವನೂ ಅವನೇ. 1880ರ ದಶಕದ ನಡುವಿನಲ್ಲಿ ನ್ಯೂಟನ್ನಿಗೆ ಬಂದು ದೊಡ್ಡ ಗಿರಣಿಯನ್ನು ನಡೆಸತೊಡಗಿದ. ವರ್ಷಗಳು ಕಳೆದಂತೆ ಬೀಜ ಬೆರಕೆಯಾದಾಗ, ಶತಮಾನ ತಿರುಗುವ ಹೊತ್ತಿಗೆ, ಕ್ಯಾನ್ಸಸ್ಸಿನ ಗಿರಣಿಯವರ ಪರವಾಗಿ ತನ್ನ ಹಳೆಯ ನಾಡಿನಿಂದ ಸಾವಿರಾರು ಬುಷೆಲ್ ಶುದ್ಧ ಬೀಜವನ್ನು ತರಿಸಿಕೊಟ್ಟ. ಒಂದು ಬುಷೆಲ್ ಗೋಧಿ ಎಂದರೆ ಸುಮಾರು ಇಪ್ಪತ್ತೇಳು ಕಿಲೋ. ಇದು ಪೆಟ್ಟಿಗೆಯ ಲೆಕ್ಕವಲ್ಲ, ಹಡಗಿನ ಲೆಕ್ಕ. ಅಮೆರಿಕದ ಕೃಷಿ ಇಲಾಖೆಯ ಮಾರ್ಕ್ ಕಾರ್ಲ್‌ಟನ್ ತಾನೂ ರಷ್ಯಕ್ಕೆ ಹೋಗಿ ಗೋಧಿಯ ತಳಿಗಳನ್ನು ತಂದವನು. 1914ರ ಇಲಾಖಾ ವಾರ್ಷಿಕದಲ್ಲಿ ಗಡುಸು ಗೋಧಿಯ ಚರಿತ್ರೆ ಬರೆದಾಗ ಅವನು ಈ ಗಿರಣಿಗಾರನ ಪಾಲನ್ನು ಮರೆಯದೆ ಹೇಳಿದ. ಅಷ್ಟು ಹೊತ್ತಿಗೆ ಕ್ಯಾನ್ಸಸ್ಸಿನ ಬಯಲಿನ ಬಹುಭಾಗದಲ್ಲಿ ಟರ್ಕಿ ಗೋಧಿಯೇ ನಿಂತಿತ್ತು.

ಮುಗ್ಧ ಬಾಲಕಿಯ ಬೆರಳಿಗೆ ಸಲ್ಲುವ ಕೀರ್ತಿ ಲೆಕ್ಕದ ಪುಸ್ತಕಕ್ಕೆ ಸಲ್ಲುವುದಿಲ್ಲ; ಜನಮನಸ್ಸಿನ ರೀತಿಯೇ ಹಾಗೆ. ಆದರೆ ಒಂದು ದಿನದ ಅದ್ಭುತಕ್ಕಿಂತ ಮೂವತ್ತು ವರ್ಷದ ಬೇಸರವಿಲ್ಲದ ದುಡಿಮೆಯನ್ನು ನಂಬುವುದು ಕಷ್ಟವೇ? ವಾರ್ಕೆಂಟಿನ್ ಒಬ್ಬನೇ ಇದನ್ನು ಮಾಡಿದನೆಂದು ಹೇಳಿದರೆ ಅದೂ ಇನ್ನೊಂದು ಪೆಟ್ಟಿಗೆಯ ಕಥೆಯಾದೀತು. ಉತ್ತವರು ನೂರಾರು ಮಂದಿ, ಯಂತ್ರ ಮಾಡಿದವರು ಬೇರೆ, ಸಾಗಿಸಿದ ರೈಲು ಬೇರೆ. ಅವನು ಮಾಡಿದ್ದು ಇಷ್ಟು: ಇವರೆಲ್ಲರ ದುಡಿಮೆ ಒಂದು ಕಡೆ ಕೂಡುವಂತೆ ನೋಡಿಕೊಂಡ.

ನ್ಯೂಟನ್ ಊರಿನ ಹಿಂದಿನ ಚರಿತ್ರೆಯನ್ನು ನೆನೆದರೆ ಈ ಬದಲಾವಣೆಯ ಅಳತೆ ತಿಳಿಯುತ್ತದೆ. 1871ರಲ್ಲಿ ರೈಲು ಬಂದಾಗ ಅದು ಟೆಕ್ಸಾಸಿನಿಂದ ದನ ಹೊಡೆದುಕೊಂಡು ಬರುವವರ ತಂಗುದಾಣ. ಆ ವರ್ಷದ ಆಗಸ್ಟಿನಲ್ಲಿ ಕುಣಿತದ ಮನೆಯೊಂದರಲ್ಲಿ ನಡೆದ ಗುಂಡಿನ ಕಾಳಗದಿಂದ ಊರಿಗೆ 'ನೆತ್ತರಿನ ನ್ಯೂಟನ್' ಎಂಬ ಹೆಸರಾಗಿತ್ತು. ಅದೇ ಊರು ಒಂದು ತಲೆಮಾರಿನೊಳಗೆ ಗಿರಣಿ, ಶಾಲೆ, ಆಸ್ಪತ್ರೆಗಳ ಊರಾಯಿತು. 1887ರಲ್ಲಿ ಸ್ಥಾಪನೆಯಾದ ಬೆತೆಲ್ ಕಾಲೇಜಿನ ಸ್ಥಾಪಕರಲ್ಲಿ ವಾರ್ಕೆಂಟಿನ್ ಒಬ್ಬ. ಬ್ಯಾಂಕು, ಆಸ್ಪತ್ರೆ ಇವುಗಳ ಹಿಂದೆಯೂ ಅವನ ಕೈಯಿತ್ತು. ಅವನೇನೂ ಸಂನ್ಯಾಸಿಯಲ್ಲ. ಹಣ ಸಂಪಾದಿಸಿದ, 1887ರ ಹೊತ್ತಿಗೆ ನ್ಯೂಟನ್ನಿನಲ್ಲಿ ಅವನು ಕಟ್ಟಿಸಿದ ಮನೆ ಭವ್ಯವಾದದ್ದೇ. ಸರಳತೆಯೇ ಧರ್ಮವೆಂದ ಸಮಾಜದಲ್ಲಿ ಅದನ್ನು ಕಂಡು ಹುಬ್ಬು ಹಾರಿಸಿದವರು ಇದ್ದಿರಬಹುದು. ಮೌನವೆಂದರೆ ಬಡತನವೆಂದಲ್ಲ, ಮಾಡಿದ ಕೆಲಸವೇ ಮಾತಾಡಲೆಂದು ಬಿಡುವುದು.

ಈ ಊರಿಗೂ ನಮ್ಮ ದೇಶಕ್ಕೂ ಒಂದು ಸಂಬಂಧ ಆ ಕಾಲದಲ್ಲಿಯೇ ಒದಗಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರತದಲ್ಲಿ ಬರದ ಮೇಲೆ ಬರ ಬಂದು ಲಕ್ಷಾಂತರ ಜನ ಸತ್ತರು. ಆಗ ಅಮೆರಿಕದ ಮೆನ್ನೊನೈಟರು ಧಾನ್ಯವನ್ನೂ ಹಣವನ್ನೂ ಕೂಡಿಸಿ ಕಳುಹಿಸಿದರು. ಆ ಪರಿಹಾರದ ಕೆಲಸಕ್ಕಾಗಿ 1900ರಲ್ಲಿ ಭಾರತಕ್ಕೆ ಬಂದವನು ಬೇರಾರೂ ಅಲ್ಲ, ವಾರ್ಕೆಂಟಿನ್ನನ ಪತ್ರಗಳನ್ನು ನಕಲು ಮಾಡಿ ಹಂಚಿದ್ದ ಅದೇ ಡೇವಿಡ್ ಗೋರ್ಜ್.

1908ರಲ್ಲಿ, ಅರುವತ್ತು ವರ್ಷದ ವಾರ್ಕೆಂಟಿನ್ ಹೆಂಡತಿಯೊಡನೆ ಪೂರ್ವದೇಶಗಳ ಯಾತ್ರೆಗೆ ಹೊರಟ. ದಮಾಸ್ಕಸ್ಸಿನಿಂದ ಬೇರೂತಿಗೆ ಹೋಗುವ ರೈಲಿನಲ್ಲಿ ಸಹಪ್ರಯಾಣಿಕನೊಬ್ಬನ ಪಿಸ್ತೂಲಿನಿಂದ ಆಕಸ್ಮಿಕವಾಗಿ ಹಾರಿದ ಗುಂಡು ಅವನಿಗೆ ತಗುಲಿತು. ಏಪ್ರಿಲ್ 1ರಂದು ಬೇರೂತಿನಲ್ಲಿ ತೀರಿಕೊಂಡ. ಆಯುಧ ಮುಟ್ಟೆವೆಂದು ಮೂರು ದೇಶಗಳನ್ನು ದಾಟಿದ ಜನರಲ್ಲಿ ಹುಟ್ಟಿದವನ ಸಾವು, ಯಾರ ದ್ವೇಷವೂ ಇಲ್ಲದ ಒಂದು ಗುಂಡಿನಿಂದ ಬಂತು. ವಿಧಿಯ ಆಟಕ್ಕೆ ಅರ್ಥ ಹುಡುಕಹೋಗುವುದು ವ್ಯರ್ಥ.

ಗೋಧಿಯ ಪ್ರಯಾಣ ಮಾತ್ರ ನಿಲ್ಲಲಿಲ್ಲ. ಟರ್ಕಿ ಕೆಂಪು ಜಪಾನಿಗೂ ಹೋಯಿತು. ಅಲ್ಲಿನ ದರುಮ ಎಂಬ ಗಿಡ್ಡ ಗೋಧಿಯನ್ನು ಫುಲ್ಟ್ಸ್ ಎಂಬ ಅಮೆರಿಕದ ಗೋಧಿಯೊಡನೆ ಕೂಡಿಸಿ, ಅದರ ಸಂತತಿಯನ್ನು ಟರ್ಕಿ ಕೆಂಪಿನೊಡನೆ ಬೆರೆಸಿ, 1935ರಲ್ಲಿ ನೋರಿನ್ 10 ಎಂಬ ತಳಿಯನ್ನು ಹೊರತಂದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಇದರ ಬೀಜ ಅಮೆರಿಕಕ್ಕೆ ಬಂತು. ಅಲ್ಲಿ ವೋಗಲ್ ಎಂಬ ವಿಜ್ಞಾನಿಯ ಕೈಯಿಂದ, ಮೆಕ್ಸಿಕೋದಲ್ಲಿ ದುಡಿಯುತ್ತಿದ್ದ ನಾರ್ಮನ್ ಬೋರ್ಲಾಗನ ಕೈಸೇರಿತು. ಬೋರ್ಲಾಗ್ ಅದರಿಂದ ಪಡೆದ ಗಿಡ್ಡ ತಳಿಗಳೇ ಸೊನೋರ 64, ಲೆರ್ಮ ರೋಹೋ 64. ಭಾರತ 1966ರಲ್ಲಿ ಹದಿನೆಂಟು ಸಾವಿರ ಟನ್ ಮೆಕ್ಸಿಕೋ ಬೀಜವನ್ನು ತರಿಸಿತು. 1964–65ರಲ್ಲಿ ಸುಮಾರು 12 ದಶಲಕ್ಷ ಟನ್ ಇದ್ದ ನಮ್ಮ ಗೋಧಿಯ ಬೆಳೆ 1967–68ರಲ್ಲಿ 16 ದಶಲಕ್ಷ ಟನ್ನನ್ನು ಮೀರಿತು. ಅದಕ್ಕೆ ಮುನ್ನ ಪಿ.ಎಲ್. 480 ಒಪ್ಪಂದದ ಮೇರೆಗೆ ಬಂದು, ಅಕ್ಕಿ ರಾಗಿಗಳ ಅಭ್ಯಾಸದ ನಮ್ಮ ಮನೆಗಳಿಗೂ ರೇಷನ್ ಅಂಗಡಿಯಿಂದ ಸೇರಿದ ಅಮೆರಿಕದ ಗೋಧಿಯನ್ನು ಹಿರಿಯರು ಮರೆತಿರಲಾರರು.

ಈ ಗಿಡ್ಡತನದ ಗುಣ ಬಂದದ್ದು ದರುಮದಿಂದ, ಟರ್ಕಿಯಿಂದಲ್ಲ. ಟರ್ಕಿ ಕೆಂಪು ಆ ವಂಶದ ಹಿರಿಯರಲ್ಲಿ ಒಂದು, ಅಷ್ಟೇ. ಆದರೆ ವಂಶವೃಕ್ಷದಲ್ಲಿ ಯಾವ ಹಿರಿಯನನ್ನು ತೆಗೆದುಹಾಕಿದರೂ ಮುಂದಿನವರು ಹುಟ್ಟುವುದಿಲ್ಲ. ಮೊಲೊಚ್ನಾದ ಗಿರಣಿಯ ಹುಡುಗನಿಗೆ ಅವನ ಕಾಳು ಇಷ್ಟು ದೂರ ನಡೆದೀತೆಂದು ಕನಸೂ ಇರಲಿಕ್ಕಿಲ್ಲ. ಒಳ್ಳೆಯ ದುಡಿಮೆಯ ಫಲ ದುಡಿದವನ ಕಣ್ಣಳತೆಯ ಆಚೆ ಹೋಗಿಯೇ ಹಣ್ಣಾಗುತ್ತದೆ.

ನ್ಯೂಟನ್ನಿನ ಉದ್ಯಾನವೊಂದರಲ್ಲಿ 1942ರಲ್ಲಿ ನಿಲ್ಲಿಸಿದ ಸುಣ್ಣಕಲ್ಲಿನ ವಿಗ್ರಹವೊಂದಿದೆ. ಗೋಧಿ ತಂದವರ ನೆನಪಿಗೆಂದು ಮಾಡಿದ್ದು. ಅದು ವಾರ್ಕೆಂಟಿನ್ನನ ವಿಗ್ರಹವಲ್ಲ. ಯಾವ ಒಬ್ಬನ ವಿಗ್ರಹವೂ ಅಲ್ಲ. 'ಮೆನ್ನೊನೈಟ್ ಒಕ್ಕಲಿಗ' ಎಂದಷ್ಟೇ ಅದನ್ನು ಕರೆಯುತ್ತಾರೆ. ಹೆಸರಿಲ್ಲದ ಆ ಕಲ್ಲಿನಲ್ಲಿ ಗಿರಣಿಗಾರನಿಗೂ, ಉತ್ತವನಿಗೂ, ಕಾಳು ಆರಿಸಿದಳೆಂಬ ಆ ಹುಡುಗಿಗೂ ಒಂದಿಷ್ಟು ಜಾಗವಿದೆ. ನಾಡಿನ ಮೌನಿಗಳಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೆ ಇರಲಾರದು.